ಕಬ್ಬು ಕಚ್ಚಲಾಗದ ಸಂಕ್ರಾಂತಿ

ಆ ವರ್ಷದ ಸಂಕ್ರಾಂತಿಗೆ ಊರಿನಲ್ಲಿದ್ದೆ. ಹಿತ್ತಿಲ ಕಟ್ಟೆಯ ಮೇಲೆ ಕುಳಿತು, ಅಮ್ಮ ಗೇಣುದ್ದಕ್ಕೆ ಕಡಿದುಕೊಟ್ಟ ಕಬ್ಬಿನ ತುಂಡನ್ನು ಬಾಯಿಗಿಟ್ಟು ಸಿಪ್ಪೆ ಕಚ್ಚಿ ಎಳೆದೆ. ಬರಲಿಲ್ಲ. ಮತ್ತೊಮ್ಮೆ ಕಚ್ಚಿದೆ. ಹಲ್ಲು ಕಬ್ಬಿನ ಮೇಲೆ ಕೂರುತ್ತಿತ್ತು, ಒಳಗಿಳಿಯುತ್ತಿರಲಿಲ್ಲ. ನೋವೆನ್ನುವುದು ಎಳ್ಳಷ್ಟೂ ಇಲ್ಲ. ಸೆಲ್ಲು ಇಳಿದ ಬ್ಯಾಟರಿ ಗೊತ್ತಲ್ಲ, ಗುಂಡಿ ಒತ್ತಿದರೆ ಹೊತ್ತಿಕೊಳ್ಳುತ್ತದೆ, ಆದರೆ ಬೆಳಕು ಅಂಗಳ ದಾಟುವುದಿಲ್ಲ; ನನ್ನ ದವಡೆ ಹಾಗಾಗಿತ್ತು.

ಎದುರಿಗೆ ಎಪ್ಪತ್ತೆರಡು ದಾಟಿದ ಅಮ್ಮ ಕರಕರನೆ ಸಿಗಿದು, ಜಗಿದು, ಆಗಲೇ ಪಕ್ಕದಲ್ಲಿ ಸಿಪ್ಪೆಯ ರಾಶಿ ಹಾಕಿದ್ದಳು. "ಹಲ್ಲು ನೋವಾ?" ಎಂದಳು. "ಹೂಂ" ಎಂದೆ. ಮತ್ತೇನು ಹೇಳಲಿ? ಎಂಟು ವಾರದ ಹಿಂದೆ ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಎರಡೂ ದವಡೆಗೆ ವಿಷ ಹಾಕಿಸಿಕೊಂಡು ಬಂದಿದ್ದೇನೆ ಎಂದೇ?

ವಿಷ ಎಂದದ್ದು ಮಾತಿನ ಒಗ್ಗರಣೆಗಲ್ಲ. ಬೊಟ್ಯುಲಿನಂ ಟಾಕ್ಸಿನ್, ಅಂದರೆ ಎಲ್ಲರ ಬಾಯಲ್ಲಿ ಬೊಟಾಕ್ಸ್ ಆಗಿರುವ ಈ ವಸ್ತು, ಮನುಷ್ಯನಿಗೆ ಗೊತ್ತಿರುವ ಅತ್ಯಂತ ತೀಕ್ಷ್ಣ ವಿಷಗಳಲ್ಲೊಂದು. ಹಣೆಯ ಸುಕ್ಕಿಗೆ ಅದನ್ನು ಹಾಕುತ್ತಾರೆಂದು ತಿಳಿದಿತ್ತು. ದಪ್ಪಗೆ ಬೆಳೆದ ಸ್ನಾಯುವನ್ನು ಸಣ್ಣ ಮಾಡಲೂ ಹಾಕುತ್ತಾರೆಂದು ನನಗೆ ತಿಳಿದದ್ದು ನಲವತ್ತೊಂದನೆಯ ವಯಸ್ಸಿನಲ್ಲಿ, ದಂತವೈದ್ಯರ ಕುರ್ಚಿಯ ಮೇಲೆ ಬಾಯಿ ತೆರೆದು ಮಲಗಿದ್ದಾಗ.

ನಮ್ಮದು ಅಗಲ ದವಡೆಯ ಮನೆತನ. ಅಜ್ಜಿಯ ಫೋಟೋ ಒಂದೇ ಒಂದು ಉಳಿದಿದೆ. ಅದರಲ್ಲಿ ಕಿವಿಯ ಬುಡದಿಂದ ಹೊರಟ ಗೆರೆ ನೆಟ್ಟಗೆ ಕೆಳಗಿಳಿದು, ಥಟ್ಟನೆ ತಿರುಗಿ ಗಲ್ಲದ ಕಡೆ ಹೋಗುತ್ತದೆ, ಬಡಗಿ ಮೂಲೆಮಟ್ಟ ಇಟ್ಟು ಗೀಚಿದ ಹಾಗೆ. ಅಜ್ಜಿ ದಿನಕ್ಕೆ ಎಷ್ಟು ಕವಳ ಹಾಕುತ್ತಿದ್ದಳೋ ಲೆಕ್ಕವಿಟ್ಟವರಿಲ್ಲ. ಅಡಕತ್ತರಿ ಕೈಗೆ ಸಿಗದಿದ್ದರೆ ಗೋಟಡಕೆಯನ್ನು ದವಡೆಹಲ್ಲಿಗೆ ಕೊಟ್ಟು ಟಪ್ಪೆಂದು ಒಡೆಯುತ್ತಿದ್ದಳು. ಆ ಸದ್ದಿಗೆ ನಾವು ಮಕ್ಕಳು ಬೆಚ್ಚಿ ಬೀಳುತ್ತಿದ್ದೆವು, ಆಮೇಲೆ ಇನ್ನೊಂದು ಒಡೆಯೆಂದು ಪೀಡಿಸುತ್ತಿದ್ದೆವು. ಆ ದವಡೆ ಅಮ್ಮನಿಗೆ ಬಂತು, ಅಮ್ಮನಿಂದ ನನಗೆ. ಊರಿನಲ್ಲಿ ಅದಕ್ಕೆ "ಅಜ್ಜಿಯ ಮುಖ" ಎನ್ನುತ್ತಿದ್ದರು, ತುಸು ಹೆಮ್ಮೆಯಿಂದಲೇ. ಬೆಂಗಳೂರಿಗೆ ಬಂದ ಮೇಲೆ, ಅದರಲ್ಲೂ ಮೊಬೈಲಿಗೆ ಮುಂದಿನ ಕ್ಯಾಮೆರಾ ಬಂದ ಮೇಲೆ, ಅದು ಬರೀ ದವಡೆಯಾಯಿತು.

ಆದರೆ ನಾನು ವೈದ್ಯರಲ್ಲಿಗೆ ಹೋದದ್ದು ಚಂದಕ್ಕಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ನನ್ನದು. ಪಕ್ಕದಲ್ಲಿ ಯಾರೋ ಕುಳಿತು ರಾಗಿ ಬೀಸುತ್ತಿರುವ ಹಾಗಿರುತ್ತದೆ ಎಂದು ನನ್ನ ಗಂಡನ ದೂರು. ಬೆಳಗ್ಗೆ ಎದ್ದರೆ ಕಪೋಲದ ಮೇಲೆ, ಕಣ್ಣಿನ ಪಕ್ಕದಲ್ಲಿ ಒಂದೇ ಸಮನೆ ಸಿಡಿತ. ರಾತ್ರಿ ಹಲ್ಲಿಗೆ ಹಾಕಿಕೊಳ್ಳಲು ಕೊಟ್ಟ ಪ್ಲಾಸ್ಟಿಕ್ ಕವಚವನ್ನು ಆರು ತಿಂಗಳಲ್ಲಿ ಕಡಿದು ತೂತು ಮಾಡಿದೆ. ಒಂದು ದವಡೆಹಲ್ಲು ಬಿರುಕು ಬಿಟ್ಟಾಗ ವೈದ್ಯೆ ನನ್ನ ಕೆನ್ನೆಯ ಕೆಳಮೂಲೆಯಲ್ಲಿ ಎರಡು ಬೆರಳಿಟ್ಟು, "ಕಚ್ಚಿ. ಬಿಡಿ. ಮತ್ತೆ ಕಚ್ಚಿ" ಎಂದರು. ಅವರ ಬೆರಳಡಿಯಲ್ಲಿ ಏನೋ ಕಪ್ಪೆಯಂತೆ ಉಬ್ಬಿ ಇಳಿಯಿತು. "ಇದು ಮೂಳೆಯಲ್ಲ ಮೇಡಂ, ಮಾಂಸ. ರಾತ್ರಿಯೆಲ್ಲ ಗರಡಿ ಮಾಡಿ ಬೆಳೆಸಿದ್ದೀರಿ" ಎಂದು ನಕ್ಕರು.

ನಲವತ್ತು ವರ್ಷ ಅದು ಮೂಳೆ, ಹಣೆಬರಹದಂತೆ ಅಳಿಸಲಾಗದ್ದು ಎಂದುಕೊಂಡಿದ್ದೆ. ಮಾಂಸ ಎಂದ ಕೂಡಲೇ ಒಳಗೆಲ್ಲೋ ಒಂದು ಆಸೆ ಕಣ್ಣು ಬಿಟ್ಟಿತು. ತಲೆನೋವು ಹೋಗುತ್ತದೆ ಎಂಬ ಆಸೆ ಅದಲ್ಲ ಎಂಬುದು ಆ ಕ್ಷಣಕ್ಕೇ ನನಗೆ ಗೊತ್ತಿತ್ತು.

ಮ್ಯಾಸೆಟರ್ ಎಂದು ಆ ಸ್ನಾಯುವಿನ ಹೆಸರು. ಕೆನ್ನೆಯ ಮೂಳೆಯಿಂದ ಹೊರಟು ಕೆಳದವಡೆಯ ಮೂಲೆಗೆ ಕಟ್ಟಿಕೊಂಡಿರುತ್ತದೆ. ಅಗಿಯುವ ಕೆಲಸದ ದೊಡ್ಡ ಪಾಲು ಅದರದ್ದೇ. ಅದು ಅತಿಯಾಗಿ ಬೆಳೆಯುವುದನ್ನು 1880ರಲ್ಲಿ ಇಂಗ್ಲೆಂಡಿನ ಲೆಗ್ ಎಂಬ ವೈದ್ಯ ಹತ್ತು ವರ್ಷದ ಹುಡುಗಿಯೊಬ್ಬಳಲ್ಲಿ ಕಂಡು ಬರೆದಿಟ್ಟ. ಹಲ್ಲು ಕಡಿಯುವುದು, ಗಟ್ಟಿ ಪದಾರ್ಥ ಅಗಿಯುವುದು, ಒಂದೇ ಕಡೆ ಅಗಿಯುವುದು ಎಂದೆಲ್ಲ ಕಾರಣ ಹೇಳುತ್ತಾರೆ. ಎಷ್ಟೋ ಜನರಲ್ಲಿ ಕಾರಣವೇ ಸಿಗುವುದಿಲ್ಲ. ಮುಂದೆ ಬಹಳ ಕಾಲ ಇದಕ್ಕಿದ್ದ ದಾರಿಯೆಂದರೆ ಕೊಯ್ದು ತೆಗೆಯುವುದು, ಬೇಕೆನಿಸಿದರೆ ಮೂಳೆಯ ಮೂಲೆಯನ್ನೂ ಹೆರೆಯುವುದು. 1994ರಲ್ಲಿ ಬ್ರಿಟನ್ನಿನ ವೈದ್ಯರು ಕೊಯ್ಯುವ ಬದಲು ಈ ವಿಷ ಚುಚ್ಚಿ ಸ್ನಾಯುವನ್ನು ಇಳಿಸಿದ್ದನ್ನು ವರದಿ ಮಾಡಿದರು. ಚೂರಿಯ ಜಾಗಕ್ಕೆ ಸೂಜಿ ಬಂದದ್ದು ಹಾಗೆ.

ನನಗೆ ಚುಚ್ಚಿದ ದಿನ ಕಂಡದ್ದನ್ನು ಹೇಳುತ್ತೇನೆ. ಮೊದಲು ಒಂದು ಕಾಗದಕ್ಕೆ ಸಹಿ. ಈ ಔಷಧಿಯನ್ನು ದವಡೆಗೆ ಹಾಕುವುದು ಅದರ ಲೇಬಲ್ಲಿನಲ್ಲಿ ಬರೆದ ಬಳಕೆಯಲ್ಲ, ವೈದ್ಯರ ವಿವೇಚನೆಯದು ಎಂದು ಅದರಲ್ಲಿತ್ತು. ಓದಿದೆ, ಸಹಿ ಹಾಕಿದೆ. ಬ್ಯಾಂಕಿನ ಕಾಗದಕ್ಕೆ ಹಾಕುವ ಹಾಗೆ. ಆಮೇಲೆ ವೈದ್ಯೆ ಬಿಳಿ ಪೆನ್ಸಿಲಿನಿಂದ ಕಿವಿಯ ಮುಂಭಾಗದಿಂದ ತುಟಿಯ ತುದಿಯವರೆಗೆ ಒಂದು ಗೆರೆ ಎಳೆದರು. ಸೂಜಿ ಆ ಗೆರೆಯ ಕೆಳಗೇ ಇಳಿಯಬೇಕು, ಮೇಲಾದರೂ ಕಷ್ಟ, ತೀರಾ ಮುಂದಾದರೂ ಕಷ್ಟ. ಹಲ್ಲು ಕಚ್ಚಿಸಿ, ಉಬ್ಬಿದ ಜಾಗದಲ್ಲಿ ಮೂರು ಚುಕ್ಕಿ ಇಟ್ಟರು. ಔಷಧಿಯ ಸೀಸೆಯನ್ನು ಬೆಳಕಿಗೆ ಹಿಡಿದಾಗ ಅದು ಖಾಲಿ ಕಂಡಿತು. ತಳದಲ್ಲಿ ಉಸಿರು ಬಿಟ್ಟ ಗಾಜಿನ ಮಬ್ಬಿನಂಥದೇನೋ ಅಂಟಿಕೊಂಡಿತ್ತು, ಅಷ್ಟೇ. ಅದಕ್ಕೆ ಉಪ್ಪುನೀರು ಬೆರೆಸಿ ಒಂದೊಂದು ಕಡೆಗೆ 25 ಯೂನಿಟ್. ಇರುವೆ ಕಚ್ಚಿದಷ್ಟು ಚುರುಕ್. ಎರಡೂ ಕಡೆ ಸೇರಿ ಐದು ನಿಮಿಷವೂ ಹಿಡಿಯಲಿಲ್ಲ. ಬಿಲ್ಲು ಹದಿನೆಂಟು ಸಾವಿರ.

ಯೂನಿಟ್ ಎಂದರೇನೆಂದು ಮನೆಗೆ ಬಂದು ಓದಿದೆ. ಹೊಟ್ಟೆಗೆ ಚುಚ್ಚಿದರೆ ಒಂದು ಗುಂಪಿನ ಸುಂಡಿಲಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣವೇ ಒಂದು ಯೂನಿಟ್. ಹಾಗೆಯೇ ಅಳತೆ ಶುರುವಾದದ್ದು. 2011ರಲ್ಲಿ ಬೊಟಾಕ್ಸ್ ತಯಾರಕರಿಗೆ ಇಲಿಯ ಬದಲು ಜೀವಕೋಶಗಳ ಮೇಲೆ ಪರೀಕ್ಷಿಸಲು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಒಂದು ಕಂಪನಿಯ ಯೂನಿಟ್ ಇನ್ನೊಂದರ ಯೂನಿಟ್‌ಗೆ ಸಮವಲ್ಲ ಎಂಬುದೂ ಆಗಲೇ ತಿಳಿಯಿತು. "ಅಲ್ಲಿ ಇಷ್ಟೇ ದುಡ್ಡಿಗೆ ಇನ್ನೂ ಹೆಚ್ಚು ಯೂನಿಟ್ ಕೊಡುತ್ತಾರೆ" ಎನ್ನುವ ಗೆಳತಿಯರು ಇದನ್ನು ಗಮನಿಸಬೇಕು.

ಇದು ಕೊಬ್ಬನ್ನೋ ಮಾಂಸವನ್ನೋ ಕರಗಿಸುವ ಔಷಧಿ ಎಂದು ನಾನು ತಿಳಿದಿದ್ದೆ. ಅದು ಏನನ್ನೂ ಕರಗಿಸುವುದಿಲ್ಲ. ನರದ ತುದಿಯಿಂದ ಸ್ನಾಯುವಿಗೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ದಾಟಿದರೆ ಮಾತ್ರ ಸ್ನಾಯು ಬಿಗಿಯುತ್ತದೆ. ಆ ರಾಸಾಯನಿಕ ನರದ ತುದಿಯಲ್ಲಿ ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿರುತ್ತದೆ. ಚೀಲ ಬಾಗಿಲಿಗೆ ಬಂದು ತೆರೆದುಕೊಳ್ಳಲು ಸ್ನ್ಯಾಪ್-25 ಎಂಬ ಪ್ರೋಟೀನು ಬೇಕು. ವಿಷ ನರದೊಳಗೆ ಹೊಕ್ಕು ಆ ಒಂದು ಪ್ರೋಟೀನನ್ನು ಕತ್ತರಿಸುತ್ತದೆ. ಚೀಲಗಳು ತುಂಬಿಯೇ ಇರುತ್ತವೆ, ಬಾಗಿಲು ತೆರೆಯುವುದಿಲ್ಲ. ಅಪ್ಪಣೆ ಬಾರದ ಸ್ನಾಯು ಸುಮ್ಮನೆ ಕುಳಿತುಕೊಳ್ಳುತ್ತದೆ. ಕುಳಿತು ಕುಳಿತು ಬಡವಾಗುತ್ತದೆ. ಹಲಸಿನ ಮರದಿಂದ ಬಿದ್ದ ನಮ್ಮ ಅಣ್ಣನ ಕೈಗೆ ಹಾಕಿದ್ದ ಪ್ಲಾಸ್ಟರನ್ನು ಒಂದೂವರೆ ತಿಂಗಳ ಮೇಲೆ ಒಡೆದಾಗ ಒಳಗಿನಿಂದ ಬೇರೆ ಯಾರದೋ ತೆಳ್ಳನೆಯ ಕೈ ಹೊರಬಂದಿತ್ತಲ್ಲ, ಇದೂ ಅದೇ. ಆದ್ದರಿಂದಲೇ ಹಣೆಯ ಸುಕ್ಕು ಒಂದೆರಡು ವಾರದೊಳಗೆ ಮಾಯವಾದರೆ, ದವಡೆ ಇಳಿಯಲು ಒಂದೆರಡು ತಿಂಗಳು ಕಾಯಬೇಕು. ನರ ಮತ್ತೆ ಚೇತರಿಸಿಕೊಂಡು ಅಪ್ಪಣೆ ಕಳಿಸಲು ಶುರುಮಾಡಿದ ಮೇಲೆ ಸ್ನಾಯು ನಿಧಾನಕ್ಕೆ ಹಳೆಯ ಗಾತ್ರಕ್ಕೆ ಮರಳುತ್ತದೆ.

ಅಂದರೆ ಇದು ತೆಳ್ಳಗೆ ಮಾಡುವ ಔಷಧಿಯಲ್ಲ, ಕೆಲಸ ಬಿಡಿಸುವ ಔಷಧಿ. ತೆಳುವಾಗುವುದು ಕೆಲಸವಿಲ್ಲದ್ದರ ಫಲ. ಅಂದಿನಿಂದ ಈ ಮಾತು ತಲೆಯಲ್ಲಿ ಕೂತುಬಿಟ್ಟಿದೆ.

ಇದರ ಹುಟ್ಟಿನ ಕತೆ ಊಟದ ಮನೆಯದು. ಬೊಟುಲಸ್ ಎಂದರೆ ಲ್ಯಾಟಿನ್ನಿನಲ್ಲಿ ಸಾಸೇಜು. ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯಲ್ಲಿ ಕೆಟ್ಟ ಸಾಸೇಜು ತಿಂದು ಜನ ಸಾಯುತ್ತಿದ್ದಾಗ ಯುಸ್ಟಿನಸ್ ಕೆರ್ನರ್ ಎಂಬ ವೈದ್ಯ ಅದರ ಬೆನ್ನು ಹತ್ತಿದ. ಆತ ಕವಿಯೂ ಹೌದು. ಆ ವಿಷದ ಸಾರವನ್ನು ತನ್ನ ನಾಲಿಗೆಗೇ ಹಚ್ಚಿಕೊಂಡು ನೋಡಿದ, ಹುಳಿಯೆಂದು ಬರೆದ. (ಕವಿಗಳಿಗೆ ಮಾತ್ರ ಸಾಧ್ಯವಾಗುವ ಕೆಲಸ.) 1822ರ ಪುಸ್ತಕದಲ್ಲಿ 155 ರೋಗಿಗಳ ವಿವರ ಕೊಟ್ಟು, ಅತಿಯಾಗಿ ಕುಣಿಯುವ ನರಗಳನ್ನು ಸುಮ್ಮನಿರಿಸಲು ಇದನ್ನೇ ಮದ್ದಾಗಿ ಬಳಸಬಹುದೇನೋ ಎಂದೂ ಊಹಿಸಿದ್ದ. 1895ರಲ್ಲಿ ಬೆಲ್ಜಿಯಂನ ಎಲ್‌ಜೆಲ್ ಎಂಬ ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ಬಾಜಾ ಬಾರಿಸಲು ಬಂದವರು ಊಟಕ್ಕೆ ಹಂದಿಯ ಮಾಂಸ ತಿಂದು ಮೂವರು ಸತ್ತರು. ಆ ಮಾಂಸದಲ್ಲೇ ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ಈ ವಿಷದ ರೋಗಾಣುವನ್ನು ಕಂಡುಹಿಡಿದ. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊದ ಕಣ್ಣಿನ ವೈದ್ಯ ಅಲನ್ ಸ್ಕಾಟ್ ಮೆಳ್ಳಗಣ್ಣು ಸರಿಪಡಿಸಲು ಬಳಸಿದ, 1989ರಲ್ಲಿ ಅಮೆರಿಕದ ಒಪ್ಪಿಗೆಯೂ ಸಿಕ್ಕಿತು. 1987ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ, ಕಣ್ಣಿನ ರೆಪ್ಪೆಯ ಸೆಳೆತಕ್ಕೆ ಇದನ್ನು ಚುಚ್ಚುತ್ತಿದ್ದ ಜೀನ್ ಕ್ಯಾರುಥರ್ಸ್‌ಗೆ, ರೋಗಿಯೊಬ್ಬರು ಹುಬ್ಬಿನ ನಡುವೆಯೂ ಚುಚ್ಚಿ, ಮುಖ ಶಾಂತವಾಗಿ ಕಾಣುತ್ತದೆ ಎಂದು ಕೇಳಿದ್ದೇ ನೆಪವಾಗಿ, ಅವರೂ ಚರ್ಮವೈದ್ಯ ಪತಿ ಅಲಸ್ಟೇರ್ ಕ್ಯಾರುಥರ್ಸ್ ಅವರೂ ಸೇರಿ ಸುಕ್ಕಿನ ದಾರಿ ತೆರೆದರು. ರೋಗಕ್ಕೆಂದು ಹೋದವರಿಗೆ ಚಂದವೂ ಜೊತೆಯಲ್ಲಿ ಸಿಕ್ಕಿ, ಆಮೇಲೆ ಚಂದಕ್ಕೇ ಬರತೊಡಗಿದ್ದು. ಈ ಕತೆಯನ್ನು ಓದುವಾಗ ನನಗೆ ಸ್ವಲ್ಪ ಮುಜುಗರವಾಯಿತು.

ಸಂಕ್ರಾಂತಿ ಕಳೆದು ತಿಂಗಳಿಗೆ ಅಕ್ಕನ ಮಗಳ ಮದುವೆ. ತಲೆನೋವು ನಿಂತಿತ್ತು. ರಾಗಿ ಬೀಸುವ ಸದ್ದೂ ಇರಲಿಲ್ಲ. ಕನ್ನಡಿಯಲ್ಲಿ ಮೂಲೆಮಟ್ಟದ ಗೆರೆ ಕರಗಿ ಗಲ್ಲದ ಕಡೆಗೆ ನಯವಾಗಿ ಇಳಿದಿತ್ತು. ಸೀರೆಯುಟ್ಟು, ಓಲೆ ಹಾಕಿಕೊಂಡು, ಇಷ್ಟು ವರ್ಷದಲ್ಲಿ ಮೊದಲ ಸಲ ಪಕ್ಕದಿಂದ ತೆಗೆದ ಫೋಟೋಗೆ ಹೆದರದೆ ಮಂಟಪಕ್ಕೆ ಹೋದೆ. ದೊಡ್ಡಮ್ಮ ಎದುರಾದವರೇ ನನ್ನ ಗಲ್ಲ ಹಿಡಿದು, "ಏನಾಯ್ತು ಪುಟ್ಟಿ, ಹೀಗೆ ಸೊರಗಿಹೋಗಿದ್ದೀಯ? ಸಕ್ಕರೆ ಕಾಯಿಲೆ ಇದೆಯೋ ಏನೋ, ಪರೀಕ್ಷೆ ಮಾಡಿಸಿದ್ದೀಯಾ?" ಎಂದರು. ಊಟದ ಪಂಕ್ತಿಯಲ್ಲಿ ಇನ್ನೊಬ್ಬರು ಥೈರಾಯ್ಡಿನ ವಿಚಾರ ತೆಗೆದರು. ಅಕ್ಕನ ಅತ್ತೆ ಅಕ್ಕನನ್ನು ಪಕ್ಕಕ್ಕೆ ಕರೆದು ನಮ್ಮ ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ವಿಚಾರಿಸಿದರಂತೆ. ಹದಿನೆಂಟು ಸಾವಿರ ಕೊಟ್ಟು ಕೊಂಡುಕೊಂಡ ಮುಖ ನಮ್ಮವರ ಕಣ್ಣಿಗೆ ಕಾಯಿಲೆಯ ಮುಖ. ಬೆಂಗಳೂರಿನ ಕಚೇರಿಯಲ್ಲಿ ಅದೇ ಮುಖಕ್ಕೆ "ಯಾವ ಡಯಟ್ ಮಾಡುತ್ತಿದ್ದೀರಿ?" ಎಂದು ಕೇಳಿದ್ದರು.

ಸತ್ಯ ಹೇಳಿದ್ದು ಚಿಕ್ಕಮ್ಮನ ಮಗಳಿಗೆ ಮಾತ್ರ. ಅವಳು ದಕ್ಷಿಣ ಕೊರಿಯಾದ ಸುವೊನ್‌ನಲ್ಲಿ ಇಂಜಿನಿಯರ್. ಫೋನಿನಲ್ಲಿ ಗಹಗಹಿಸಿ ನಕ್ಕಳು. "ಅಕ್ಕಾ, ಇಲ್ಲಿ ಅದನ್ನು ಯಾರೂ ಗುಟ್ಟು ಮಾಡುವುದಿಲ್ಲ. ಊಟದ ವಿರಾಮದಲ್ಲಿ ಹೋಗಿ ಬರುತ್ತಾರೆ" ಎಂದಳು. ಅಲ್ಲಿ ಚೌಕ ದವಡೆಗೆ ಪ್ರತ್ಯೇಕ ಹೆಸರೇ ಇದೆ, ಸಾಗಾಕ್ ತೊಕ್ ಎಂದು. ಬೇಕಾದದ್ದು ಇಂಗ್ಲಿಷಿನ ವಿ ಅಕ್ಷರದಂತೆ ಇಳಿಯುವ ಗಲ್ಲ. ಸೋಲ್ ನಗರದ ಗಂಗ್ನಂ ಭಾಗದ ಅಪ್ಗುಜಂಗ್ ಸುತ್ತ ಕ್ಲಿನಿಕ್ಕುಗಳು ನಮ್ಮ ಅವೆನ್ಯೂ ರಸ್ತೆಯ ಬಟ್ಟೆಯಂಗಡಿಗಳಂತೆ ಸಾಲಾಗಿವೆಯಂತೆ. ಮತ್ತೆ ಹೇಳಿದಳು: "ದವಡೆ ಏನು ಮಹಾ, ಇಲ್ಲಿ ಕಾಲಿಗೂ ಹಾಕಿಸುತ್ತಾರೆ."

ಕಾಲಿಗೆ! ಮೊಣಕಾಲಿನ ಹಿಂದೆ, ಕೆಳಗೆ ಉಬ್ಬಿರುವ ಸ್ನಾಯುವಿಗೆ. ನಾವು ಅದನ್ನು ಮೀನಖಂಡ ಎನ್ನುತ್ತೇವೆ. ಹೊಟ್ಟೆ ತುಂಬಿದ ಮೀನೊಂದು ಚರ್ಮದಡಿ ಹರಿವಿಗೆದುರಾಗಿ ನಿಂತಿರುವ ಹಾಗೆ ಕಂಡವನು ಇಟ್ಟ ಹೆಸರಿರಬೇಕು. ಕೊರಿಯನ್ನರು ದಪ್ಪನೆಯ ಅದೇ ಕಾಲಿಗೆ "ಮು-ದಾರಿ" ಎನ್ನುತ್ತಾರೆ, ಮೂಲಂಗಿ ಕಾಲು. ಮೀನೆಂದು ಕರೆದವರಿಗೂ ಮೂಲಂಗಿಯೆಂದು ಕರೆದವರಿಗೂ ನಡುವೆ ಎಷ್ಟು ದೂರ ನೋಡಿ. 2004ರಲ್ಲಿ ಕೊರಿಯಾದ ವೈದ್ಯರು ಆರು ಮಹಿಳೆಯರ ಮೀನಖಂಡದ ಒಳಮಗ್ಗುಲಿಗೆ ಈ ವಿಷ ಚುಚ್ಚಿ ಕಾಲನ್ನು ಇಳಿಸಿದ ವರದಿ ಪ್ರಕಟಿಸಿದರು. ದವಡೆಗೆ ಹಾಕಿದ್ದಕ್ಕಿಂತ ಹೆಚ್ಚು ಯೂನಿಟ್ ಬೇಕು, ಏಕೆಂದರೆ ಸ್ನಾಯು ದೊಡ್ಡದು. ಹಾಗಾದರೆ ನಡೆಯುವುದು ಹೇಗೆ ಎಂದು ಕೇಳಿದೆ. ಮೀನಖಂಡದ ಅಡಿಯಲ್ಲಿ ಸೋಲಿಯಸ್ ಎಂಬ ಇನ್ನೊಂದು ಅಗಲ ಸ್ನಾಯು ಇದೆ. ಸಮತಟ್ಟಿನ ನಡಿಗೆಯನ್ನು ಅದು ನಿಭಾಯಿಸುತ್ತದೆ. ಓಡುವುದು, ಜಿಗಿಯುವುದು, ಏರು ಹತ್ತುವುದು ಎಂದರೆ ಮೀನಿನ ನೆನಪಾಗುತ್ತದೆ. ದಪ್ಪಕ್ಕೆ ಕಾರಣ ಕೊಬ್ಬಾಗಿದ್ದರೆ ಈ ಸೂಜಿಯಿಂದ ಏನೂ ಉಪಯೋಗವಿಲ್ಲ. ತುದಿಗಾಲಲ್ಲಿ ನಿಲ್ಲಿಸಿ, ಉಬ್ಬುವುದು ಸ್ನಾಯುವೇ ಎಂದು ನೋಡಿಕೊಂಡೇ ಚುಚ್ಚುತ್ತಾರೆ.

ಫೋನಿನ ಆಚೆಗಿದ್ದ ನನ್ನ ಈ ತಂಗಿಯ ಕಾಲೂ ಅಂಥದ್ದೇ. ಶಾಲೆಗೆ ದಿನಾ ಗುಡ್ಡ ಹತ್ತಿ ಇಳಿದ ಕಾಲು, ಜಿಲ್ಲಾಮಟ್ಟದ ಖೋಖೋದಲ್ಲಿ ಕಂಬ ಹಿಡಿದು ತಿರುಗಿದ ಕಾಲು. "ನೀನೂ ಹಾಕಿಸುತ್ತೀಯಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಲೆ ಕೇಳಿದ್ದೇನೆ" ಎಂದಳು. ನನಗೆ ಬೇಡವೆನ್ನಲು ಬಾಯಿ ಬರಲಿಲ್ಲ. ನನ್ನ ದವಡೆ ಇಳಿಸಿಕೊಂಡು ಅವಳ ಮೀನಿಗೆ ವಕಾಲತ್ತು ವಹಿಸುವುದು ಹೇಗೆ? ಆದರೂ ನಿಜ ಹೇಳುತ್ತೇನೆ, ಆ ಕಾಲಿನ ವಿಷಯದಲ್ಲಿ ನನಗೆ ಸಂಕಟವಾಯಿತು. ನನ್ನ ದವಡೆಗೆ ಅಂಥ ಸಂಕಟವಾಗಿರಲಿಲ್ಲ. ಇತ್ತೀಚೆಗೆ ಹೆಗಲಿನ ಸ್ನಾಯುವಿಗೂ ಹಾಕಿಸಿ ಕತ್ತನ್ನು ನೀಳ ಮಾಡಿಕೊಳ್ಳುತ್ತಾರೆ. ಕೊಡ ಹೊತ್ತ ಹೆಗಲು, ಗುಡ್ಡ ಹತ್ತಿದ ಕಾಲು, ಅಡಕೆ ಒಡೆದ ದವಡೆ: ದುಡಿದದ್ದು ಎಲ್ಲಿ ಕಾಣುತ್ತದೋ ಅಲ್ಲಿಗೇ ಸೂಜಿ.

ಏಳನೆಯ ತಿಂಗಳಿಗೆ ಮೂಲೆ ಮತ್ತೆ ಮೂಡತೊಡಗಿತು. ತಲೆನೋವು ಮಾತ್ರ ಬಂದಿರಲಿಲ್ಲ. ಮೊದಲಿನ ವೈದ್ಯೆ ನೋವಿಲ್ಲದಿದ್ದರೆ ಸದ್ಯಕ್ಕೆ ಬೇಡ ಎನ್ನುತ್ತಾರೆಂದು ಗೊತ್ತಿದ್ದರಿಂದ ಬೇರೆ ಕ್ಲಿನಿಕ್ಕಿಗೆ ಹೋದೆ. ಅಲ್ಲಿ ಯಾರೂ ನೋವಿನ ವಿಚಾರ ಕೇಳುವವರಿರಲಿಲ್ಲ. ಆದರೂ ನಾನಾಗಿಯೇ, ಕೇಳದಿದ್ದರೂ, "ರಾತ್ರಿ ಹಲ್ಲು ಕಡಿಯುತ್ತೇನೆ, ಬಹಳ ನೋವು" ಎಂದೆ. ಎದುರಿಗಿದ್ದ ಹುಡುಗ ವೈದ್ಯ ತಲೆಯೆತ್ತದೆ ಚುಕ್ಕಿ ಇಡುತ್ತಿದ್ದ. ಆ ಸುಳ್ಳು ಅವನಿಗಲ್ಲ, ನನಗೇ ಬೇಕಾಗಿತ್ತು. ಚಂದಕ್ಕೆ ಬಂದಿದ್ದೇನೆ ಎನ್ನಲು ನನಗೆ ಇಷ್ಟೊಂದು ನಾಚಿಕೆಯೇಕೆ? ಹುಬ್ಬು ತೀಡಿಸಿಕೊಳ್ಳಲು, ತಲೆಗೆ ಬಣ್ಣ ಹಾಕಿಸಿಕೊಳ್ಳಲು ನಾಚಿದವಳಲ್ಲ. ದವಡೆ ಎಂದಾಗ ಮಾತ್ರ ಫೋಟೋದೊಳಗಿಂದ ಅಜ್ಜಿ ನೋಡುತ್ತಿರುವ ಹಾಗೆ.

ಆ ಸಲ ಬಿಳಿ ಗೆರೆ ಎಳೆಯಲಿಲ್ಲ. ಹತ್ತು ದಿನದ ಮೇಲೆ ನಕ್ಕಾಗ ಬಲ ತುಟಿಯ ತುದಿ ಹಿಂದಕ್ಕೆ ಹೋಗಲೊಲ್ಲದು. ಅಗಿಯುವ ಸ್ನಾಯುವಿನ ಮುಂದಂಚಿನ ಮೇಲೆ ನಗುವಿಗೆ ತುಟಿ ಎಳೆಯುವ ತೆಳ್ಳನೆಯ ಸ್ನಾಯು ಹಾದುಹೋಗುತ್ತದೆ; ಸೂಜಿ ತುಸು ಮುಂದಾದರೆ ಅದಕ್ಕೂ ಬಿಸಿ ತಟ್ಟುತ್ತದೆ. ಮೊದಲ ವೈದ್ಯೆ ಗೆರೆ ಎಳೆದು ಅಷ್ಟು ಹೊತ್ತು ಬೆರಳಾಡಿಸಿದ್ದು ಏಕೆಂದು ಆಗ ಅರ್ಥವಾಯಿತು. ಎರಡು ತಿಂಗಳು ನನ್ನ ನಗುವಿನಲ್ಲಿ ಒಂದು ಬಗೆಯ ಕುಹಕ ಸೇರಿಕೊಂಡಿತ್ತು. ಕಚೇರಿಯ ಸಭೆಯೊಂದರಲ್ಲಿ ಕಿರಿಯ ಸಹೋದ್ಯೋಗಿಯೊಬ್ಬಳು ತನ್ನನ್ನು ಗೇಲಿ ಮಾಡಿದೆನೆಂದು ಮುನಿಸಿಕೊಂಡಳು. ಅವಳಿಗೆ ವಿವರಿಸುವುದು ಹೇಗೆ?

ಇದು ಸಣ್ಣದು, ತಾನಾಗಿ ಸರಿಹೋಗುವಂಥದು. ಕೆನ್ನೆ ಗುಳಿ ಬೀಳುವುದು, ಚರ್ಮ ಜೋಲುವುದು, ಚುಚ್ಚದೆ ಉಳಿದ ಸ್ನಾಯುವಿನ ಪದರ ಅಗಿಯುವಾಗ ಗಂಟಿನಂತೆ ಉಬ್ಬುವುದು ಕೂಡ ಪಟ್ಟಿಯಲ್ಲಿವೆ. ದವಡೆಯ ಮೂಳೆಯ ಮಾತು ಬೇರೆ. ಸ್ನಾಯು ಎಳೆಯುತ್ತಿದ್ದರೆ ಮೂಳೆ ಗಟ್ಟಿಯಿರುತ್ತದೆ. ಇಲಿ, ಮೊಲಗಳ ಪ್ರಯೋಗಗಳಲ್ಲಿ ಈ ಚುಚ್ಚುಮದ್ದಿನ ಮೇಲೆ ದವಡೆಯ ಮೂಳೆ ತೆಳುವಾದದ್ದು ಕಂಡಿದೆ, ಮನುಷ್ಯರ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ವಿಷ ಚುಚ್ಚಿದ ಜಾಗದಿಂದಾಚೆ ಹರಡಿ ನುಂಗುವುದಕ್ಕೆ, ಉಸಿರಾಟಕ್ಕೆ ತೊಂದರೆಯಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ಔಷಧಿಯ ಮಾಹಿತಿಪತ್ರದಲ್ಲಿ ಚೌಕಟ್ಟು ಕಟ್ಟಿದ ಎಚ್ಚರಿಕೆ ಹಾಕಿಸಿತು. 2023ರಲ್ಲಿ ಟರ್ಕಿಗೆ ಹೋಗಿ, ತೂಕ ಇಳಿಸಲೆಂದು ಜಠರದ ಗೋಡೆಗೇ ಇದನ್ನು ಚುಚ್ಚಿಸಿಕೊಂಡ ಹತ್ತಾರು ಯುರೋಪಿಯನ್ನರಿಗೆ ಬೊಟ್ಯುಲಿಸಂ, ಅಂದರೆ ಈ ವಿಷದಿಂದ ಬರುವ ಕಾಯಿಲೆ, ಹಿಡಿಯಿತು; ಹಲವರು ಆಸ್ಪತ್ರೆ ಸೇರಿದರು. ಕೆರ್ನರ್ ಬರೆದಿಟ್ಟ ಅದೇ ಕಾಯಿಲೆ, ಸಾಸೇಜು ಇಲ್ಲದೆ.

ಇಷ್ಟೆಲ್ಲ ಗೊತ್ತಿದ್ದೂ ಆ ಕ್ಲಿನಿಕ್ಕಿನಿಂದ ಬರುವ ಸಂದೇಶವನ್ನು ನಾನು ಅಳಿಸಿಲ್ಲ. ಮುಂದಿನ ಸುತ್ತಿನ ಸಮಯವಾಯಿತು, ಹಬ್ಬದ ರಿಯಾಯಿತಿ ಇದೆ ಎಂದು ವಾರಕ್ಕೊಮ್ಮೆ ಬರುತ್ತದೆ. ಕಳೆದ ಸಂಕ್ರಾಂತಿಗೆ ಕಬ್ಬು ಚೆನ್ನಾಗಿಯೇ ಕಚ್ಚಿದೆ. ಕೊಬ್ಬರಿ ಚೂರು ಹೆಚ್ಚು ಹಾಕಿದ ಎಳ್ಳುಬೆಲ್ಲವನ್ನು ದಣಿಯದೆ ಜಗಿದೆ. ಮುಖ ಪೂರ್ತಿ ಅಜ್ಜಿಯದಾಗಿತ್ತು. ಅಮ್ಮ, "ಈಗ ಮೈ ಹಿಡಿದಿದೆ" ಎಂದು ಸಮಾಧಾನಪಟ್ಟಳು. ನಾನು ಮಾತ್ರ ಫೋಟೋ ತೆಗೆಯುವಾಗ ಹಿಂದಿನ ಸಾಲಿಗೆ ಸರಿದೆ.

ಮೊನ್ನೆ ಬೆಳಗ್ಗೆ ಕಾಫಿ ಲೋಟ ಇಡುತ್ತಾ ಗಂಡ ಹೇಳಿದ: "ರಾತ್ರಿ ಮತ್ತೆ ರಾಗಿ ಬೀಸುತ್ತಿದ್ದೆ." ಅಯ್ಯೋ ಎನ್ನಬೇಕಾದ ಜಾಗದಲ್ಲಿ ನನಗೆ ಒಳಗೊಳಗೇ ಖುಷಿಯಾಯಿತು. ಬಚ್ಚಲಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ಕನ್ನಡಿಯ ಮುಂದೆ ನಿಂತು, ದವಡೆಯ ಮೂಲೆಯಲ್ಲಿ ಎರಡು ಬೆರಳಿಟ್ಟು ಕಚ್ಚಿದೆ. ಬಿಟ್ಟೆ. ಮತ್ತೆ ಕಚ್ಚಿದೆ.